ಎಲ್ಲವೂ ಚಿಕ್ಕದಾಗುವುದಿಲ್ಲ

(ಹಾಸನದ ಒಂದು ಹೈಸ್ಕೂಲಿನ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸರಿಮಾಡಿದ್ದೇನೆ. ಮರೆತು ಬಿಟ್ಟ ಒಂದೆರಡು ಲೆಕ್ಕ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ನಾನೇ ಮಾಡಿದ ಮೂರು ಮಾದರಿ ರೈಲು ಎಂಜಿನ್ ಇಟ್ಟಿದ್ದೇನೆ. ಬಲಗಡೆಯದು ಡೀಸೆಲ್. ನಡುವಿನದು ನೋಡಲು ಸ್ಟೀಮ್ ಎಂಜಿನ್, ಒಳಗೆ ಓಡುವುದು ಕರೆಂಟಿನಲ್ಲಿ. ಎಡಗಡೆ ಕುಳ್ಳಗೆ, ಕಪ್ಪಗೆ, ಅಷ್ಟೇನೂ ಚೆಂದವಿಲ್ಲದ್ದು ಒಂದು ಇದೆಯಲ್ಲ, ಅದು ನಿಜವಾದ ಹಬೆಯಲ್ಲೇ ಓಡುತ್ತದೆ. ಮೊದಲೆರಡನ್ನು ಕೈಗೆ ತಗೊಂಡು ನೋಡಿ. ಬಿದ್ದರೂ ಪರವಾಗಿಲ್ಲ, ಎರಡೂ ಒಂದೊಂದು ಸಲ ಬಿದ್ದಾಗಿದೆ. ಮೂರನೆಯದನ್ನು ಮಾತ್ರ ಮುಟ್ಟಬೇಡಿ. ಅದಕ್ಕೆ ಈಗಷ್ಟೇ ನೀರು ಹಾಕಿದ್ದೇನೆ. ಕೊನೆಗೆ ಹಚ್ಚೋಣ.

ನಾನು ರೈಲ್ವೆಯವನಲ್ಲ. ಈ ಊರಲ್ಲಿ ಮೂವತ್ತು ವರ್ಷದಿಂದ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಸುಟ್ಟ ಪಂಪ್‌ಸೆಟ್, ಮಿಕ್ಸಿ, ಫ್ಯಾನು ನನ್ನ ಹೊಟ್ಟೆಪಾಡು. ಈ ಎಂಜಿನ್‌ಗಳು ರಾತ್ರಿ ಊಟ ಆದ ಮೇಲಿನ ಕೆಲಸ. ನೋಡಲು ಬಂದವರು ಎರಡೇ ಪ್ರಶ್ನೆ ಕೇಳುತ್ತಾರೆ: ಎಷ್ಟು ಖರ್ಚಾಯ್ತು, ಇದರಿಂದ ಏನು ಬರುತ್ತೆ. ಮೊದಲನೆಯದಕ್ಕೆ ನಾನು ಸುಳ್ಳು ಹೇಳುತ್ತೇನೆ. ಎರಡನೆಯದನ್ನು ನಮ್ಮ ಮನೆಯವರು ಕೇಳಿ ಕೇಳಿ ಬಿಟ್ಟುಬಿಟ್ಟಿದ್ದಾರೆ.

ಮಾದರಿ ಎಂಜಿನ್ ಮಾಡುವುದು ಅಂದರೆ ದೊಡ್ಡದನ್ನು ಅಳೆಯುವುದು, ಒಂದು ಸಂಖ್ಯೆಯಿಂದ ಭಾಗಿಸುವುದು, ಕತ್ತರಿಸಿ ಅಂಟಿಸುವುದು. ನಾನು ಹಾಗೇ ಅಂದುಕೊಂಡು ಶುರು ಮಾಡಿದೆ. ಅಳತೆ ಭಾಗವಾಗುತ್ತದೆ, ನಿಜ. ಆದರೆ ಎಂಜಿನ್‌ನಲ್ಲಿ ಭಾಗವಾಗದ ವಸ್ತುಗಳೂ ಇವೆ. ತೂಕ ನೀವು ಹೇಳಿದಂತೆ ಕೇಳುವುದಿಲ್ಲ. ಬಣ್ಣ ತೆಳ್ಳಗಾಗುವುದಿಲ್ಲ. ನೀರು ನೀರಾಗಿಯೇ ಇರುತ್ತದೆ. ನನ್ನ ಕಷ್ಟವೆಲ್ಲ ಬಂದದ್ದು ಅಲ್ಲಿಂದ, ಮಜಾ ಬಂದದ್ದೂ ಅಲ್ಲಿಂದಲೇ. ಇವತ್ತು ಅದನ್ನೇ ಹೇಳುತ್ತೇನೆ.

ಮೊದಲು ಹಳಿ. ಹೆಚ್ಚು ಜನ ಹಿಡಿಯುವ ಅಳತೆ ಎಚ್‌ಒ, ಅಂದರೆ 87ಕ್ಕೆ 1. ಅದಕ್ಕೆ ಅಂಗಡಿಯಲ್ಲಿ ಸಿಗುವ ಹಳಿಯ ಗೇಜ್, ಅಂದರೆ ಎರಡು ಕಂಬಿಗಳ ನಡುವಿನ ಅಗಲ, 16.5 ಮಿ.ಮೀ. ಹೊರದೇಶದ ಸ್ಟ್ಯಾಂಡರ್ಡ್ ಗೇಜ್‌ಗೆ ಅದು ಸರಿಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಭಾಗಿಸಿ ನೋಡಿ, 19 ದಾಟುತ್ತದೆ. ಹಾಗಾಗಿ ನಮ್ಮ ಅಗಲದ ಎಂಜಿನ್ ಮಾಡಿ 16.5 ಹಳಿ ಮೇಲೆ ನಿಲ್ಲಿಸಿದರೆ, ದಪ್ಪಗಿನ ಮನುಷ್ಯ ಕಾಲು ಜೋಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಪಕ್ಕದಿಂದ ಗೊತ್ತಾಗುವುದಿಲ್ಲ, ಎದುರಿನಿಂದ ನೋಡಿದರೆ ಪಾಪ ಅನ್ನಿಸುತ್ತದೆ. ಕೆಲವರು ಅದನ್ನು ಒಪ್ಪಿಕೊಂಡು ಮಾಡುತ್ತಾರೆ. ಇನ್ನು ಕೆಲವರು 19 ಮಿ.ಮೀ. ಹಳಿಯನ್ನು ಕೈಯಲ್ಲೇ ಕಟ್ಟುತ್ತಾರೆ, ಅವರಿಗೆ ದೊಡ್ಡ ನಮಸ್ಕಾರ. ನಾನು ಮೂರನೇ ದಾರಿ ಹಿಡಿದೆ. ಮೀಟರ್‌ಗೇಜ್! ಒಂದು ಮೀಟರನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿ.ಮೀ. 12 ಮಿ.ಮೀ. ಹಳಿ ಮಾರಾಟಕ್ಕೆ ಸಿಗುತ್ತದೆ. ಅರ್ಧ ಮಿ.ಮೀ. ವ್ಯತ್ಯಾಸವನ್ನು ಯಾವ ಕಣ್ಣೂ ಹಿಡಿಯುವುದಿಲ್ಲ.

ಮೀಟರ್‌ಗೇಜ್‌ಗೆ ಇನ್ನೊಂದು ಕಾರಣವೂ ಇದೆ, ಅದು ಲೆಕ್ಕದ್ದಲ್ಲ. ಇಲ್ಲಿ ಕೂತಿರುವ ಹಿರಿಯರಿಗೆ ನೆನಪಿರಬೇಕು. ನಮ್ಮ ಹಾಸನ ಮೀಟರ್‌ಗೇಜ್ ಊರಾಗಿತ್ತು. ಮೈಸೂರಿಂದ ಅರಸೀಕೆರೆಗೆ ಹೋಗುವ ಗಾಡಿ, ಮುಂದೆ ವೈಪಿ ಅನ್ನುವ ಸ್ಟೀಮ್ ಎಂಜಿನ್. 1979ರಲ್ಲಿ ಮಂಗಳೂರು ಲೈನ್ ಶುರುವಾದಾಗ ನಾನು ಏಳನೇ ಕ್ಲಾಸು. ಅದೂ ಮೀಟರ್‌ಗೇಜೇ. 1996ರಲ್ಲಿ ಗೇಜ್ ಬದಲಾಯಿಸಲು ಅಂತ ನಿಲ್ಲಿಸಿದರು. ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ಯಾಸೆಂಜರ್ 2007ರ ಕೊನೆಗೆ. ಹತ್ತು ವರ್ಷದ ಮೇಲೆ ಸಕಲೇಶಪುರದಿಂದ ಕೆಳಗೆ ಜನರ ಗಾಡಿ ಇರಲಿಲ್ಲ. ನಾನು ಮಾಡುತ್ತಿರುವುದು ಈಗ ಇಲ್ಲದ ಗಾಡಿ. ಹೋಗಿ ಅಳೆಯೋಣ ಅಂದರೆ ಸ್ಟೇಷನ್ನಿನಲ್ಲಿ ನಿಂತಿರುವುದಿಲ್ಲ.

ಹಾಗಾದರೆ ಅಳತೆ ಎಲ್ಲಿಂದ? ಮೈಸೂರಿನ ರೈಲು ಮ್ಯೂಸಿಯಂಗೆ ಒಂದು ಟೇಪು, ನೋಟ್‌ಬುಕ್ಕು ತಗೊಂಡು ಹೋಗಿ. ಹಳೆಯ ಸ್ಟೀಮ್ ಎಂಜಿನ್‌ಗಳನ್ನು ಅಲ್ಲಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಬಹುದು. ಸಿಗದ ಎಂಜಿನ್‌ಗೆ ಫೋಟೋ. ಪಕ್ಕದಿಂದ, ದೂರ ನಿಂತು, ಜೂಮ್ ಮಾಡಿ ತೆಗೆದ ಫೋಟೋ ಬೇಕು. ಹತ್ತಿರದಿಂದ ತೆಗೆದದ್ದರಲ್ಲಿ ನಡುಭಾಗ ಉಬ್ಬಿ ತುದಿಗಳು ಕುಗ್ಗಿರುತ್ತವೆ. ಫೋಟೋದಲ್ಲಿ ಗೊತ್ತಿರುವ ಒಂದು ಅಳತೆ ಹುಡುಕಿ. ವೈಡಿಎಂ 4 ಡೀಸೆಲ್‌ನ ಚಕ್ರ 965 ಮಿ.ಮೀ. ಪ್ರಿಂಟ್‌ನಲ್ಲಿ ಆ ಚಕ್ರ ಎಷ್ಟಿದೆ ಅಂತ ಅಳೆದರೆ ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲವೂ ತಾವಾಗಿ ಸಿಗುತ್ತವೆ. ಒಂದು ಎಚ್ಚರಿಕೆ, ಚಕ್ರ ಸವೆದು ಚಿಕ್ಕದಾಗಿರುತ್ತದೆ. ಅದಕ್ಕೇ ಎರಡನೆಯ ಒಂದು ಅಳತೆ ಜೊತೆಗಿರಲಿ.

ಈ ಡೀಸೆಲ್ಲು ಆ ವೈಡಿಎಂ 4. ಘಟ್ಟದಲ್ಲಿ ಮೀಟರ್‌ಗೇಜ್ ಕಾಲದಲ್ಲಿ ಎಳೆಯುತ್ತಿದ್ದದ್ದು ಇದೇ. ನಿಜವಾದದ್ದು ಸುಮಾರು 15.6 ಮೀಟರ್ ಉದ್ದ, ನನ್ನದು 18 ಸೆಂ.ಮೀ.ಗೆ ಒಂದು ಕೂದಲು ಕಮ್ಮಿ. ಡೀಸೆಲ್ ಸುಲಭ ಅಂತಾರೆ, ಒಂದು ಡಬ್ಬ ತಾನೇ ಅಂತ. ಡಬ್ಬ ಒಂದೇ ವಾರದಲ್ಲಿ ಆಯ್ತು, ಅರ್ಧ ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ. ಅದರ ಮೇಲಿನ ಹಿಡಿಕೆ ಕಂಬಿಗೆ ಒಂದು ತಿಂಗಳು ಹಿಡಿಯಿತು.

ಕಂಬಿ ನೋಡಿ. ಎಂಜಿನ್ ಸುತ್ತ ನಡೆದಾಡುವ ಜಾಗದಲ್ಲಿ ಉದ್ದಕ್ಕೂ ಇದೆಯಲ್ಲ. ನಿಜದಲ್ಲಿ ಕೈಯಲ್ಲಿ ಹಿಡಿಯುವಷ್ಟು ದಪ್ಪ, 30 ಮಿ.ಮೀ. ಅಂತಿಟ್ಟುಕೊಳ್ಳಿ. ಭಾಗಿಸಿದರೆ 0.34. ಮೊದಲು ನಾನು ಹೂ ಕಟ್ಟುವ ತಂತಿ ಹಾಕಿದೆ. ಎಂಜಿನ್‌ಗೆ ಒಳಚರಂಡಿ ಪೈಪ್ ಸುತ್ತಿದ ಹಾಗೆ ಕಂಡಿತು. ಆಮೇಲೆ ತಲೆಗೆ ಹೊಳೆಯಿತು, ನನ್ನ ಅಂಗಡಿಯಲ್ಲೇ ಇದೆಯಲ್ಲ! ವೈಂಡಿಂಗ್ ವೈರ್ 29 ಗೇಜ್ ಅಂದರೆ 0.345 ಮಿ.ಮೀ. ಅಳತೆಗೆ ಅಳತೆ. ತಾಮ್ರ ಮೆತ್ತಗೆ, ಸುರುಳಿ ಬಿಚ್ಚಿದರೆ ಹಾವಿನ ಹಾಗೆ ಡೊಂಕು. ಅದಕ್ಕೊಂದು ಉಪಾಯವಿದೆ. ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಎಳೆಯುತ್ತ ಇರುವಾಗ ಒಂದು ಹಂತದಲ್ಲಿ ವೈರು ಕೈಗೆ ‘ಬಿಟ್ಟುಕೊಟ್ಟ’ ಹಾಗೆ ಅನ್ನಿಸುತ್ತದೆ. ಒಂದಿಷ್ಟು ಉದ್ದವಾಗಿರುತ್ತದೆ. ಅಲ್ಲಿಗೆ ನಿಲ್ಲಿಸಿ. ಈಗ ಅದು ಗೆರೆ ಎಳೆದ ಹಾಗೆ ನೆಟ್ಟಗೆ, ಗಡಸು ಕೂಡ. ಮೇಲಿನ ಎನಾಮಲ್ ಕೆರೆಯದೆ ಬೆಸುಗೆ ಹಿಡಿಯುವುದಿಲ್ಲ, ಅದನ್ನು ವೈಂಡಿಂಗ್ ಹುಡುಗರಿಗೆ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ನನ್ನ ಕಂಬಿಗೆ ನಾನೇ ಮರೆತೆ.

ಈಗ ತೂಕ. ವೈಡಿಎಂ 4 ತೂಕ 72 ಟನ್. ಅದನ್ನು 87ರಿಂದ ಭಾಗಿಸಿದರೆ ಎಷ್ಟು? (ಹಿಂದಿನಿಂದ ಒಬ್ಬ ಹುಡುಗ 800 ಕಿಲೋ ಚಿಲ್ಲರೆ ಅಂದ.) ಸರಿ, ಎತ್ತು ನೋಡೋಣ! ಉದ್ದ, ಅಗಲ, ಎತ್ತರ ಮೂರನ್ನೂ 87ರಿಂದ ಭಾಗಿಸಿದ್ದೇವೆ. ತೂಕವನ್ನೂ ಮೂರು ಸಲ ಭಾಗಿಸಬೇಕು. ಆಗ ಬರುವುದು 109 ಗ್ರಾಂ. ಒಂದು ದೊಡ್ಡ ಸೋಪಿನಷ್ಟು. ನ್ಯಾಯವಾಗಿ ಅದೇ ಸರಿಯಾದ ತೂಕ. ಆದರೆ ಅಷ್ಟೇ ತೂಕ ಇಟ್ಟರೆ ಎರಡು ಬೋಗಿ ಎಳೆಯುವಷ್ಟರಲ್ಲಿ ಚಕ್ರ ಸುಮ್ನೆ ಗಿರಗಿರ ತಿರುಗುತ್ತದೆ. ದೊಡ್ಡ ಗಾಡಿಯಲ್ಲಿ ಬೇರಿಂಗ್ ಎಷ್ಟು ಚೆನ್ನಾಗಿ ಜಾರುತ್ತದೋ ನನ್ನ ಚಿಕ್ಕ ಬೋಗಿಯಲ್ಲಿ ಅಷ್ಟು ಜಾರುವುದಿಲ್ಲ. ಘರ್ಷಣೆ ಚಿಕ್ಕದಾಗಲಿಲ್ಲ, ತೂಕ ಮಾತ್ರ ಚಿಕ್ಕದಾಯ್ತು. ಅದಕ್ಕೆ ಇದರೊಳಗೆ ಸೀಸ ತುಂಬಿದ್ದೇನೆ. ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗ್‌ಗೆ ಹೊಡೆದು ಆಮೇಲೆ ಕಿತ್ತು ಬಿಸಾಡುವ ತುಂಡುಗಳು. ಈಗ 260 ಗ್ರಾಂ ಇದೆ. ಸೀಸ ಮುಟ್ಟಿದರೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಇದು ಮುಚ್ಚಿದೆ, ಹೆದರಬೇಡಿ.

ಮೋಟಾರ್ ಬಗ್ಗೆ ಹೇಳಲು ಹೊರಟರೆ ಮಧ್ಯಾಹ್ನ ಆಗುತ್ತದೆ, ಅದು ನನ್ನ ಕಸುಬು. ಬೇಗ ಹೇಳುತ್ತೇನೆ. 12 ವೋಲ್ಟಿನ ಡಿಸಿ ಮೋಟಾರ್, ಅದರ ಶಾಫ್ಟಿಗೆ ವರ್ಮ್, ಅಂದರೆ ಸ್ಕ್ರೂ ಥರದ ಗೇರು, ಕೆಳಗೆ 30 ಹಲ್ಲಿನ ಗೇರು. ಮೋಟಾರ್ 30 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಘಟ್ಟ ಹತ್ತುವ ಗಾಡಿ ಈ ಅಳತೆಯಲ್ಲಿ ಸೆಕೆಂಡಿಗೆ ಹತ್ತು ಸೆಂ.ಮೀ. ಕೂಡ ಹೋಗುವುದಿಲ್ಲ. ಅದಕ್ಕೆ ಮೋಟಾರ್ ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗಿದರೆ ಸಾಕು. ಆಟಿಕೆ ರೈಲು ಆಟಿಕೆ ಥರ ಕಾಣುವುದಕ್ಕೆ ಮುಖ್ಯ ಕಾರಣ ಬಣ್ಣವಲ್ಲ, ವೇಗ. ಪೆಟ್ಟಿಗೆಯಿಂದ ತೆಗೆದು ಹಳಿ ಮೇಲೆ ಇಟ್ಟ ಕೂಡಲೇ ಅದು ರಾಕೆಟ್. ಘಟ್ಟದ ಗಾಡಿಯನ್ನು ನೋಡಿದ್ದೀರಲ್ಲ, 50ಕ್ಕೆ 1 ಏರು, ಮುಂದೆ ಎಂಜಿನ್, ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್. ಜೊತೆಗೆ ನಡೆದುಕೊಂಡು ಹೋಗಬಹುದೇನೋ ಅನ್ನಿಸುತ್ತದೆ. ನಿಧಾನ ಓಡಿಸಿ, ಅರ್ಧ ಮಾದರಿ ಮಾಡಿದ ಹಾಗೆ.

ಒಂದು ಅವಾಂತರ ಹೇಳಲೇಬೇಕು. ಚಕ್ರಕ್ಕೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ. 12 ಮಿ.ಮೀ. ಅಂತ ನೋಡಿ ಖುಷಿಯಾಗಿ ದುಡ್ಡು ಕಟ್ಟಿದೆ. ಮೂರು ವಾರದ ಮೇಲೆ ಪೊಟ್ಟಣ ಬಂತು. 12 ಮಿ.ಮೀ. ಇತ್ತು, ನಿಜ. ಆದರೆ ಅದು ಚಕ್ರದ ವ್ಯಾಸ. ಗೇಜ್ 16.5! ಎಲ್ಲೋ ಸಣ್ಣಕ್ಷರದಲ್ಲಿ ಬರೆದಿತ್ತು, ಕನ್ನಡಕ ಹಾಕಿಕೊಂಡು ಆಮೇಲೆ ಓದಿದೆ. ಈಗ ಆ ಚಕ್ರಗಳು ನಮ್ಮ ಮೊಮ್ಮಗನ ಬೆಂಕಿಪೊಟ್ಟಣದ ಲಾರಿಗೆ ಹೋಗಿವೆ.

ನಡುವಿನದಕ್ಕೆ ಬರೋಣ. ಇದು ವೈಪಿ. ಮುಂದೆ ನಾಲ್ಕು ಚಿಕ್ಕ ಚಕ್ರ, ನಡುವೆ ಆರು ದೊಡ್ಡ ಚಕ್ರ, ಹಿಂದೆ ಎರಡು. ದೊಡ್ಡ ಚಕ್ರ ನಿಜದಲ್ಲಿ 1,372 ಮಿ.ಮೀ., ಇಲ್ಲಿ ಹದಿನಾರಕ್ಕೆ ಸ್ವಲ್ಪ ಕಮ್ಮಿ. ಬಾಯ್ಲರ್ ಅಂದರೆ ನೀರಿನ ಪೈಪಿನ ತುಂಡು, ಮೇಲೆ ತೆಳು ಹಿತ್ತಾಳೆ ಹಾಳೆ. ಅದರ ಪಕ್ಕದ ಕೊಳವೆಗಳಲ್ಲಿ ಒಂದೆರಡು ಬಾಲ್‌ಪೆನ್ ರೀಫಿಲ್ಲು. ಯಾವುದು ಅಂತ ಹುಡುಕಿ ನೋಡಿ.

ಸ್ಟೀಮ್ ಎಂಜಿನ್ ಮಾಡುವವನ ನಿದ್ದೆ ಕೆಡಿಸುವುದು ಈ ಆರು ಚಕ್ರ. ಒಂದೊಂದು ಕಡೆ ಮೂರು ಚಕ್ರವನ್ನು ಒಂದು ಉದ್ದ ಕಡ್ಡಿ ಜೋಡಿಸಿದೆ ನೋಡಿ. ಎಡಗಡೆ ಕಡ್ಡಿ ಮೇಲೆ ಇರುವಾಗ ಬಲಗಡೆಯದು ಎಲ್ಲಿದೆ? ಕೆಳಗಲ್ಲ. ಕಾಲು ಸುತ್ತು ಮುಂದೆ ಇದೆ. ಯಾಕೆ? ಸೈಕಲ್ ನೆನಪಿಸಿಕೊಳ್ಳಿ. ಪೆಡಲ್ ಎರಡೂ ಎದುರುಬದುರು. ಒಂದು ನೆಟ್ಟಗೆ ಮೇಲೆ, ಇನ್ನೊಂದು ನೆಟ್ಟಗೆ ಕೆಳಗೆ ನಿಂತರೆ ಎಷ್ಟು ತುಳಿದರೂ ಸೈಕಲ್ ಹೊರಡುವುದಿಲ್ಲ, ಕಾಲಲ್ಲಿ ಒಂದಿಷ್ಟು ಮುಂದೆ ತಳ್ಳಬೇಕು. ನೂರು ಟನ್ನಿನ ಗಾಡಿಯನ್ನು ಯಾರು ತಳ್ಳುತ್ತಾರೆ? ಅದಕ್ಕೆ ಒಂದು ಕಡೆಯದನ್ನು ಕಾಲು ಸುತ್ತು ಮುಂದಿಟ್ಟರು. ಒಂದು ಸಿಲಿಂಡರ್ ಸತ್ತ ಜಾಗದಲ್ಲಿ ಇರುವಾಗ ಇನ್ನೊಂದು ಪೂರ್ತಿ ಜೋರಿನಲ್ಲಿ ತಳ್ಳುತ್ತಿರುತ್ತದೆ.

ನನ್ನ ಎಂಜಿನ್‌ನಲ್ಲಿ ಸಿಲಿಂಡರ್ ಏನೂ ತಳ್ಳುವುದಿಲ್ಲ, ಮೋಟಾರ್ ಇದೆ. ಆದರೂ ಆ ಕಾಲು ಸುತ್ತು ಬೇಕೇ ಬೇಕು. ಕಡ್ಡಿ ಮೂರು ಚಕ್ರಕ್ಕೂ ಕಚ್ಚಿಕೊಂಡಿದೆ. ಒಂದು ಅಚ್ಚಿನಲ್ಲಿ, ಅಂದರೆ ಬಲ ಎಡ ಚಕ್ರ ಸೇರಿಸುವ ದಂಡದಲ್ಲಿ, ಎರಡರ ನಡುವೆ 90 ಡಿಗ್ರಿ, ಇನ್ನೊಂದರಲ್ಲಿ 88 ಅಂತಾದರೆ ಒಂದು ಸುತ್ತಿನಲ್ಲಿ ಎರಡು ಕಡೆ ಬಿಗಿಯುತ್ತದೆ. ಎಂಜಿನ್ ಕುಂಟುತ್ತದೆ. ನಿಜವಾದ ಕುಂಟು, ಬಲಗಾಲು ಎಳೆದುಕೊಂಡು ಹೋಗುವ ಹಾಗೆ. ನನ್ನದು ಎಂಟು ತಿಂಗಳು ಕುಂಟಿತು. ಕಣ್ಣಳತೆಯಲ್ಲಿ ಚಕ್ರ ತಿರುಗಿಸಿ ಅಚ್ಚಿಗೆ ಕೂರಿಸುತ್ತಿದ್ದೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಕಡ್ಡಿಯ ತೂತು ದೊಡ್ಡದು ಮಾಡಿದೆ. ಕುಂಟು ನಿಂತಿತು, ಗಡಗಡ ಸದ್ದು ಬಂತು.

ಕೊನೆಗೆ ಎಲ್ಲ ಚಕ್ರವನ್ನೂ ಒಂದೇ ಕೋನದಲ್ಲಿ ಕೂರಿಸಲು ಒಂದು ಅಚ್ಚುಪಟ್ಟಿ ಮಾಡಿದೆ. ಅಲ್ಯೂಮಿನಿಯಂ ತುಂಡಿನಲ್ಲಿ ಅಚ್ಚು ಕೂರಲು ಒಂದು ತೋಡು. ಎರಡೂ ಬದಿಯಲ್ಲಿ ಒಂದೊಂದು ಗೂಟ, ಒಂದು ಮೇಲೆ, ಒಂದು ಪಕ್ಕಕ್ಕೆ. ಚಕ್ರದಲ್ಲಿ ಕಡ್ಡಿ ಕಚ್ಚುವ ಪಿನ್ನು ಆ ಗೂಟಕ್ಕೆ ತಾಗಿ ನಿಲ್ಲಬೇಕು. ಹಾಗೇ ಹಿಡಿದು ಒತ್ತಿ ಕೂರಿಸುವುದು. ಮೂರೂ ಅಚ್ಚನ್ನು ಅದರಲ್ಲೇ ಮಾಡಿದೆ. ಒಂದು ಗಂಟೆಯ ಕೆಲಸ. ಓಡಿತು. ಆಮೇಲೆ ಅಳೆದು ನೋಡಿದರೆ ನನ್ನ ಗೂಟಗಳ ಕೋನ 90 ಇರಲೇ ಇಲ್ಲ, 87 ಇತ್ತು! ಆದರೆ ಮೂರಕ್ಕೂ 87. ಎಲ್ಲರೂ ಒಂದೇ ತಪ್ಪು ಮಾಡಿದರೆ ಗಾಡಿ ಓಡುತ್ತದೆ. ನಮ್ಮ ಎಷ್ಟೋ ಆಫೀಸುಗಳು ನಡೆಯುವುದೂ ಹೀಗೇ ಅಲ್ವಾ.

ಗೇರು ಹಾಕುವ ಮೊದಲು ಬರೀ ಚಕ್ರ, ಕಡ್ಡಿ ಹಾಕಿ ಗಾಜಿನ ಮೇಲಿಟ್ಟು ಒಂದು ತುದಿ ಎತ್ತಿ ನೋಡಿ. ತಾನೇ ಉರುಳಬೇಕು. ಎಲ್ಲಾದರೂ ತಡವರಿಸಿದರೆ ಮೋಟಾರ್ ಹಾಕಬೇಡಿ. ಮೋಟಾರ್ ಹಾಕಿದ ಮೇಲೆ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ, ಒಂದು ದಿನ ಮೋಟಾರ್ ಸುಟ್ಟು ಹೊರಗೆ ಬರುತ್ತದೆ. ಇದು ಪಂಪ್‌ಸೆಟ್ಟಿಗೂ ಅನ್ವಯ.

ಬಣ್ಣ. ಮೂರು ಕೋಟು ಹೊಡೆದರೆ ಸುಮಾರು 0.1 ಮಿ.ಮೀ. ಆಗುತ್ತದೆ. ಈಗ ಉಲ್ಟಾ ಲೆಕ್ಕ ಮಾಡಿ. ನಿಜವಾದ ಎಂಜಿನ್ ಮೇಲೆ ಅದು ಹತ್ತಿರ ಹತ್ತಿರ 9 ಮಿ.ಮೀ. ದಪ್ಪ. ಕಿರುಬೆರಳಿನಷ್ಟು ದಪ್ಪಕ್ಕೆ ಬಣ್ಣ ಮೆತ್ತಿದ ಹಾಗೆ! ಕಷ್ಟಪಟ್ಟು ಒತ್ತಿದ ರಿವೆಟ್ಟುಗಳೆಲ್ಲ ಮುಳುಗಿ ಹೋಗುತ್ತವೆ. ಅದಕ್ಕೆ ಬ್ರಷ್ ಬೇಡ, ಏರ್‌ಬ್ರಷ್‌ನಲ್ಲಿ ತೆಳ್ಳಗೆ ಹೊಡೆಯಬೇಕು. ನಮ್ಮ ಕಡೆ ಇನ್ನೊಂದು ತೊಂದರೆ ಇದೆ, ಮಳೆಗಾಲ. ಆಷಾಢದಲ್ಲಿ ಜಡಿಮಳೆ ಹಿಡಿದಿದ್ದಾಗ, ಅಂಗಡಿಯಲ್ಲಿ ಕೆಲಸ ಕಮ್ಮಿ ಅಂತ ಕೂತು ವೈಪಿಗೆ ಕಪ್ಪು ಲ್ಯಾಕರ್ ಸ್ಪ್ರೇ ಹೊಡೆದೆ. ಕಣ್ಣೆದುರಿಗೇ ಬೆಳ್ಳಗಾಯ್ತು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ತೇವ ಅಲ್ಲೇ ಇಬ್ಬನಿಯಾಗಿ ಕೂರುತ್ತದೆ. ಎಂಜಿನ್ ಮೇಲೆ ಬಿಸಿಲೆ ಘಾಟಿಯ ಮಂಜು ಇಳಿದ ಹಾಗಿತ್ತು. ಕಾರಿಗೆ ಪೇಂಟ್ ಹೊಡೆಯುವ ನನ್ನ ಸ್ನೇಹಿತ ನೋಡಿ ನಕ್ಕ. “ಅಣ್ಣಾ, ಜುಲೈನಲ್ಲಿ ನಾವೇ ಹೊಡೆಯೋಕೆ ಯೋಚನೆ ಮಾಡ್ತೀವಿ” ಅಂದ. ಎಲ್ಲ ತೆಗೆದು ದೀಪಾವಳಿ ಕಳೆದ ಮೇಲೆ ಮತ್ತೆ ಹೊಡೆದೆ.

ಬಣ್ಣ ಮುಗಿದ ಮೇಲೆ ಕೊಳೆ. ಹೊಸ ಬಣ್ಣದ ಎಂಜಿನ್ ಆಟಿಕೆ ಥರವೇ ಇರುತ್ತದೆ. ಕೊಳೆ ಹಚ್ಚುವುದಕ್ಕೆ ಕಲರ್ ಚಾಕ್‌ಪೀಸನ್ನು ಉಪ್ಪುಕಾಗದಕ್ಕೆ ಉಜ್ಜಿ ಪುಡಿ ಮಾಡಿಕೊಳ್ಳಿ. ಇದ್ದಿಲು, ಇಟ್ಟಿಗೆ ಪುಡಿಯೂ ಆಗುತ್ತದೆ. ಒಣ ಬ್ರಷ್‌ನಲ್ಲಿ ಹಚ್ಚಿ, ಮೇಲೆ ಹೊಳಪಿಲ್ಲದ ವಾರ್ನಿಷ್ ತೆಳ್ಳಗೆ. ಆದರೆ ಎಲ್ಲೆಂದರಲ್ಲಿ ಹಚ್ಚಬೇಡಿ. ಕೊಳೆಗೂ ಕಾರಣ ಇರುತ್ತದೆ. ಸಕಲೇಶಪುರ ಸ್ಟೇಷನ್ನಿನಲ್ಲಿ ಘಟ್ಟ ಹತ್ತಿ ಬಂದು ನಿಂತ ಡೀಸೆಲ್ ಎಂಜಿನ್ ಸಿಕ್ಕರೆ ಸುಮ್ನೆ ಹತ್ತು ನಿಮಿಷ ನೋಡಿ. ಹೊಗೆ ಹೊರಬರುವ ಜಾಗದ ಸುತ್ತ ಮಸಿ. ಕೆಳಗೆ ಚಕ್ರದ ಹತ್ತಿರ ಬ್ರೇಕಿನ ಪುಡಿ, ಅದು ಕಂದು. ಡೀಸೆಲ್ ತುಂಬುವ ಬಾಯಿಯ ಕೆಳಗೆ ಒಂದು ಹೊಳೆಯುವ ಗೆರೆ. ಮಳೆ ನೀರು ಇಳಿದ ಕಡೆ ಉದ್ದುದ್ದ ಪಟ್ಟೆ. ಬಾಗಿಲ ಪಕ್ಕದ ಕಂಬಿ ಮಾತ್ರ ಫಳಫಳ. ಲೋಕೋ ಪೈಲಟ್ ಹತ್ತುವಾಗ, ಇಳಿಯುವಾಗ ಹಿಡಿಯುವ ಜಾಗ ಅದು. ನನ್ನ ಡೀಸೆಲ್‌ನಲ್ಲಿ ಆ ಒಂದು ಕಂಬಿಯ ನಡುವಿನ ಸುಮಾರು ಒಂದು ಮಿ.ಮೀ. ಬಣ್ಣ ಕೆರೆದಿದ್ದೇನೆ. ಕೈಯ ಅಗಲ, 87ರಿಂದ ಭಾಗಿಸಿದ್ದು. ಯಾರೂ ಗಮನಿಸುವುದಿಲ್ಲ. ಗಮನಿಸಿದವರು ಮತ್ತೆ ಮತ್ತೆ ಅದನ್ನೇ ನೋಡುತ್ತಾರೆ.

ಕಾಫಿ ಸೀಮೆಯವರಿಗೆ ಒಂದು ಮಾತು. ಹಳಿ ಪಕ್ಕದ ಮಣ್ಣಿಗೆ ಕಾಫಿ ಚರಟ ಒಣಗಿಸಿ ಹಾಕಿದರೆ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ನಿಜವಾದ ಮಣ್ಣೂ ಅಷ್ಟು ಚೆನ್ನಾಗಿರುವುದಿಲ್ಲ. ಮೂರನೇ ವಾರಕ್ಕೆ ಬೂಷ್ಟು ಬರುತ್ತದೆ. ಹಾಕಬೇಡಿ.

ಈಗ ಆ ಕುಳ್ಳ. ಇದು ಯಾವ ನಿಜವಾದ ಎಂಜಿನ್‌ನ ಮಾದರಿಯೂ ಅಲ್ಲ. ಹಬೆಯಲ್ಲಿ ಓಡಬೇಕು, ಅಷ್ಟೇ ಆಸೆ ಇತ್ತು. 87ಕ್ಕೆ 1 ಅಳತೆಯಲ್ಲಿ ಹಬೆ ಎಂಜಿನ್ ಯಾಕೆ ಮಾಡಲಿಲ್ಲ? ಹೋಟೆಲಿನಲ್ಲಿ ಬೈಟು ಕಾಫಿ ತಗೊಂಡಿದ್ದೀರಲ್ಲ. ಪೂರ್ತಿ ಲೋಟದ ಕಾಫಿಗಿಂತ ಅದು ಬೇಗ ಆರುತ್ತದೆ. ಚಿಕ್ಕದಾದಷ್ಟೂ ಒಳಗಿನ ನೀರು ಜಾಸ್ತಿ ಕಮ್ಮಿಯಾಗುತ್ತದೆ, ಹೊರಮೈ ಅಷ್ಟು ಕಮ್ಮಿಯಾಗುವುದಿಲ್ಲ. ಶಾಖವೆಲ್ಲ ಹೊರಮೈಯಿಂದ ಸೋರಿ ಹೋಗುತ್ತದೆ. ಬೆರಳು ಗಾತ್ರದ ಬಾಯ್ಲರ್‌ನಲ್ಲಿ ಹಬೆ ಸಿಲಿಂಡರ್ ತಲುಪುವಷ್ಟರಲ್ಲಿ ನೀರಾಗಿರುತ್ತದೆ. ಹಾಗಂತ ಆಗುವುದೇ ಇಲ್ಲ ಅಂತಲ್ಲ, ನನ್ನ ಕೈಯಲ್ಲಿ ಆಗುವುದಿಲ್ಲ. ಅದಕ್ಕೆ 32 ಮಿ.ಮೀ. ಹಳಿಗೆ ಮಾಡಿದೆ.

ಬಾಯ್ಲರ್ ತಾಮ್ರದ್ದು. ಬೆಸುಗೆ ಅಂದರೆ ನನಗೆ ಗೊತ್ತಿದ್ದದ್ದು ಸೀಸ ತವರದ ಬೆಸುಗೆ, ದಿನಾ ಮಾಡುತ್ತೇನೆ. ಅದು 183 ಡಿಗ್ರಿಗೆ ಕರಗುತ್ತದೆ. ನನ್ನ ಬಾಯ್ಲರ್‌ನ ಒತ್ತಡ 30 ಪಿಎಸ್‌ಐ, ಕಾರಿನ ಟೈರಿನಷ್ಟು. ಆಗ ಒಳಗಿನ ಹಬೆ ಸುಮಾರು 134 ಡಿಗ್ರಿ. ಸಾಕಲ್ಲ, ಇನ್ನೂ ಐವತ್ತು ಡಿಗ್ರಿ ಜಾಗ ಇದೆ ಅನ್ನಿಸುತ್ತದೆ. ಸಾಲದು. ಎಲ್ಲೋ ಒಂದು ಕಡೆ ನೀರು ಬತ್ತಿ ಉರಿ ಬರೀ ತಾಮ್ರಕ್ಕೆ ತಾಗಿತು ಅಂದರೆ ಕ್ಷಣದಲ್ಲಿ ಆ ಐವತ್ತು ದಾಟುತ್ತದೆ. ಬೆಳ್ಳಿ ಬೆಸುಗೆಯೇ ಬೇಕು, 600 ಡಿಗ್ರಿ ಮೇಲೆ ಕರಗುವಂಥದ್ದು. ಅದು ನನಗೆ ಬರುತ್ತಿರಲಿಲ್ಲ.

ನಮ್ಮ ಬೀದಿಯಲ್ಲಿ ಚಿನ್ನ ಬೆಳ್ಳಿ ಕೆಲಸದ ಆಚಾರ್ರು ಇದ್ದಾರೆ. ಹೋಗಿ ಕೇಳಿದೆ. ತಾಮ್ರದ ತಗಡು ನೋಡಿ, “ಇದನ್ನ ಬಡಿಯೋಕೆ ಮುಂಚೆ ಕೆಂಪಗೆ ಕಾಯಿಸಿ ನೀರಿಗೆ ಹಾಕ್ರೀ” ಅಂದರು. ನಾನು, “ಆಚಾರ್ರೇ, ಹಾಗೆ ಮಾಡಿದ್ರೆ ಗಡಸಾಗಲ್ವಾ?” ಅಂದೆ. “ಅದು ಕಬ್ಬಿಣ. ಇದು ಮೆತ್ತಗಾಗುತ್ತೆ.” ನಿಜ, ಕೈಯಲ್ಲಿ ಬಗ್ಗುವಷ್ಟು ಮೆತ್ತಗಾಯ್ತು. ಮರದ ಅಚ್ಚಿನ ಮೇಲಿಟ್ಟು ಅಂಚು ಮಡಿಸಿ ಬಡಿದೆ. ಸ್ವಲ್ಪ ಬಡಿದ ಮೇಲೆ ಮತ್ತೆ ಗಡಸು, ಮತ್ತೆ ಕಾಯಿಸುವುದು. ಹೀಗೆ ನಾಲ್ಕು ಸಲ. ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದೆ, ಮನೆಯಲ್ಲಿ ತಾಮ್ರದ ಕೊಡ ತಿಕ್ಕುವ ಹಾಗೇ. ಆಮೇಲೆ ಬಿಳಿಗಾರ ನೀರಲ್ಲಿ ಕಲಸಿ ಸಂದಿಗೆ ಬಳಿದು ಬೆಂಕಿ ಹಿಡಿದೆ.

ಬೆಸುಗೆ ಕಡ್ಡಿ ಉಂಡೆಯಾಗಿ ನಿಂತಿತು. ಹರಿಯಲಿಲ್ಲ. ನಾನು ಉಂಡೆಗೇ ಉರಿ ತೋರಿಸುತ್ತ ಇದ್ದೆ. ಆಚಾರ್ರು ನನ್ನ ಕೈ ಹಿಡಿದು ಉರಿಯನ್ನು ಆಚೆ ತಿರುಗಿಸಿದರು. “ಬೆಂಕಿ ಬೆಸುಗೆಗಲ್ಲ ರೀ, ಕೆಲಸಕ್ಕೆ ಹಿಡೀಬೇಕು. ಕೆಲಸ ಕೆಂಪಗಾದ್ರೆ ಬೆಸುಗೆ ತಾನೇ ಓಡಿ ಬರುತ್ತೆ.” ಅವರ ಊದುಗೊಳವೆ ಒಂದು ಮೂಗುತಿಗೆ ಸಾಕು, ನನ್ನ ಬಾಯ್ಲರ್‌ಗೆ ಸಾಲಲಿಲ್ಲ. ತಾಮ್ರ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಗ್ಯಾಸ್ ಟಾರ್ಚ್ ತಂದು, ಸುತ್ತ ಇಟ್ಟಿಗೆ ಜೋಡಿಸಿ ಗೂಡು ಮಾಡಿ, ಪೂರ್ತಿ ಬಾಯ್ಲರ್ ಮಂದ ಕೆಂಪಗಾಗುವ ತನಕ ಕಾಯಿಸಿದೆ. ಆಗ ನೋಡಬೇಕಿತ್ತು. ಕಡ್ಡಿ ತಾಗಿಸಿದ್ದು ಒಂದೇ ಕಡೆ. ಬೆಳ್ಳಿ ಗೆರೆಯೊಂದು ಸಂದಿಯ ಉದ್ದಕ್ಕೂ ಸರ್ರನೆ ಓಡಿ, ಸುತ್ತು ಹಾಕಿ, ಹೊರಟ ಜಾಗಕ್ಕೇ ಬಂದು ನಿಂತಿತು. ಸಂದಿ ಕೂದಲೆಳೆಯಷ್ಟಿದ್ದರೆ ಮಾತ್ರ ಹೀಗೆ. ಅಗಲವಾಗಿದ್ದರೆ ಬೆಸುಗೆ ಬರುವುದಿಲ್ಲ. ಕಿಟಕಿ ತೆರೆದಿಡಿ, ಕ್ಯಾಡ್ಮಿಯಂ ಇರುವ ಬೆಸುಗೆ ಮಾತ್ರ ಯಾವ ಕಾರಣಕ್ಕೂ ತರಬೇಡಿ, ಅದರ ಹೊಗೆ ವಿಷ.

ಬಾಯ್ಲರ್ ಆದ ಮೇಲೆ ನೇರವಾಗಿ ಬೆಂಕಿ ಹಚ್ಚಬಾರದು. ಮೊದಲು ಪರೀಕ್ಷೆ. ಗಂಟಲ ತನಕ ನೀರು ತುಂಬಿ, ಒಂದು ಗುಳ್ಳೆಯೂ ಇಲ್ಲದ ಹಾಗೆ, ಪ್ಲಂಬರ್‌ಗಳು ಪೈಪಿಗೆ ಹಾಕುವ ಟೆಸ್ಟ್ ಪಂಪ್‌ನಲ್ಲಿ ಎರಡರಷ್ಟು ಒತ್ತಡ ಕೊಡಬೇಕು. ನನ್ನದು 60 ಪಿಎಸ್‌ಐ. ಸೈಕಲ್ ಪಂಪ್ ಸಾಕಲ್ವಾ ಅಂತ ಒಬ್ಬರು ಕೇಳಿದ್ದರು. ಬೇಡವೇ ಬೇಡ. ಗಾಳಿ ಸ್ಪ್ರಿಂಗ್ ಇದ್ದ ಹಾಗೆ, ಒತ್ತಿದಷ್ಟೂ ಕುಗ್ಗಿ ಕೂತಿರುತ್ತದೆ. ಒಡೆದರೆ ಬಾಂಬು. ನೀರು ಕುಗ್ಗುವುದಿಲ್ಲ. ಒಡೆದರೆ ಮೂರು ಹನಿ ನೆಲಕ್ಕೆ ಬಿದ್ದು ಮುಗಿಯಿತು. ನನ್ನದರಲ್ಲಿ ಮೊದಲ ಸಲ ಹಿಂದಿನ ಮುಚ್ಚಳದಿಂದ ದಾರದಷ್ಟು ನೀರು ಚಿಮ್ಮಿತು. ಮತ್ತೆ ಆಚಾರ್ರ ಮನೆ. ಮೇಲೆ ಕಾಣುವುದು ಸೇಫ್ಟಿ ವಾಲ್ವು, ನಿಮ್ಮ ಕುಕ್ಕರಿನ ವಿಷಲ್ ಮಾಡುವ ಕೆಲಸವನ್ನೇ ಮಾಡುತ್ತದೆ. ಕುಕ್ಕರಿಗೆ 15 ಪಿಎಸ್‌ಐ, ಇದಕ್ಕೆ ಅದರ ಎರಡರಷ್ಟು. ಈಗ ಯಾಕೆ ಮುಟ್ಟಬೇಡಿ ಅಂದೆ ಅಂತ ಗೊತ್ತಾಯ್ತಲ್ಲ.

ಸರಿ, ಹಚ್ಚೋಣ. ಸ್ಪಿರಿಟ್ ದೀಪ. ಬೆಳಕಿನಲ್ಲಿ ಇದರ ಉರಿ ಕಾಣುವುದೇ ಇಲ್ಲ, ಆರಿದೆ ಅಂತ ಕೈ ಹಾಕಿ ನಾನು ಒಂದು ಸಲ ಸುಟ್ಟುಕೊಂಡಿದ್ದೇನೆ. ಕಿಟಕಿ ಪರದೆ ಎಳೆಯಿರಿ. ಐದು ನಿಮಿಷ ಬೇಕು.

(ಆ ಐದು ನಿಮಿಷದಲ್ಲಿ ಒಬ್ಬರು 3ಡಿ ಪ್ರಿಂಟರ್ ಇರುವಾಗ ಇಷ್ಟೆಲ್ಲ ಯಾಕೆ ಅಂತ ಕೇಳಿದರು. ಡೀಸೆಲ್‌ನ ಫ್ಯಾನ್ ಜಾಲರಿ ಪ್ರಿಂಟ್ ಮಾಡಿಸಿದ್ದೇ, ನನಗೆ ಅದರ ಮೇಲೆ ಸಿಟ್ಟಿಲ್ಲ ಅಂದೆ. ಬಾಯ್ಲರ್ ಪ್ರಿಂಟ್ ಮಾಡಿಕೊಡುವವರು ಸಿಕ್ಕರೆ ಹೇಳಿ. ಮುಂದಿನ ಸಾಲಿನ ಒಬ್ಬರು ತಾಯಿ, ಕಣ್ಣು ಹೋಗಲ್ವಾ ಅಂತ ಕೇಳಿದರು. ತಲೆಗೆ ಕಟ್ಟುವ ಭೂತಕನ್ನಡಿ ತೋರಿಸಿದೆ.)

ನೋಡಿ, ವಾಲ್ವು ಸುಯ್ ಅನ್ನುತ್ತಿದೆ. ಈಗ ಹಬೆ ಬಿಡುತ್ತೇನೆ. ಮುಂದಿನ ಸಾಲಿನವರು ಸ್ವಲ್ಪ ಹಿಂದೆ ಸರಿಯಿರಿ. ಸಿಲಿಂಡರ್ ಇನ್ನೂ ತಣ್ಣಗಿದೆ, ಮೊದಲು ಬರುವುದು ಹಬೆಯಲ್ಲ, ಬಿಸಿನೀರು. ಹಾಂ, ಕ್ಷಮಿಸಿ ಮೇಡಂ, ಸೀರೆಗೆ ಎಣ್ಣೆ ಆಗಲಿಲ್ಲ ತಾನೇ?

ಓಡುತ್ತಿಲ್ಲ ಅಂತ ನೋಡುತ್ತಿದ್ದೀರಿ. ಇದಕ್ಕೆ ಒಂದೇ ಸಿಲಿಂಡರ್. ಕಾಲು ಸುತ್ತು ಮುಂದೆ ಇನ್ನೊಂದು ಇಲ್ಲ. ಸೈಕಲ್ ಪೆಡಲ್ ನೆಟ್ಟಗೆ ನಿಂತಿದೆ. ತೂಕ 800 ಕಿಲೋ ಅಂದ ಹುಡುಗ ಎಲ್ಲಿ? ಬಾರಪ್ಪ. ಬಾಯ್ಲರ್ ಮುಟ್ಟಬೇಡ, ಹಿಂದಿನ ಆ ಮರದ ತುಂಡಿಗೆ ಬೆರಳು ಇಡು. ಮೆತ್ತಗೆ ತಳ್ಳು. ಇನ್ನೊಂದು ಚೂರು.

(ಹೊರಟಿತು. ಮೇಜಿನ ಮೇಲಿನ ಸುತ್ತು ಹಳಿಯಲ್ಲಿ ಹನ್ನೊಂದು ಸುತ್ತು ಹಾಕಿತು, ಹುಡುಗರು ಎಣಿಸಿದರು. ಹನ್ನೆರಡನೆಯದರಲ್ಲಿ ಅರ್ಧಕ್ಕೆ ನಿಂತಾಗ ಆ ಹುಡುಗ ಕೇಳದೆಯೇ ಮತ್ತೆ ಬೆರಳು ಮುಂದೆ ಮಾಡಿದ. ನೀರು ಮುಗಿದಿರಬೇಕು, ಬೇಡ ಅಂತ ದೀಪ ಆರಿಸಿದೆ.)